ಧ್ಯಾನ ಹೇಳಿಕೊಡುವವರಿಗೆ ಯಾರ ಹತ್ರ ಪಾಠ?

ನಮ್ಮ ಚಿಕ್ಕಮ್ಮ ಮಲ್ಲೇಶ್ವರದಲ್ಲಿ ನಲವತ್ತು ವರ್ಷ ಸಂಗೀತ ಪಾಠ ಹೇಳಿದವರು. ಹೊಸದಾಗಿ ಹಾಡುವ ಯಾರದಾದರೂ ಹೆಸರು ಕಿವಿಗೆ ಬಿದ್ದರೆ ಅವರು ಮೊದಲು ಕೇಳುವುದು ಒಂದೇ ಮಾತು: ‘ಯಾರ ಹತ್ರ ಪಾಠ?’ ಅದಕ್ಕೆ ಉತ್ತರ ಸಿಕ್ಕರೆ ಅರ್ಧ ವಿಷಯ ಗೊತ್ತಾದ ಹಾಗೆ. ಯಾವ ಬಾನಿ (ಹಾಡುವ ಶೈಲಿ), ಗಮಕ ಹೇಗಿರುತ್ತೆ, ಯಾವ ಕೃತಿ ಚೆನ್ನಾಗಿ ಬರುತ್ತೆ, ಯಾವುದನ್ನು ಇವರಿಂದ ಕಲಿಯೋಕೆ ಆಗಲ್ಲ, ಎಲ್ಲದಕ್ಕೂ ಒಂದು ಅಂದಾಜು ಸಿಗುತ್ತದೆ.

ಹೋದ ವರ್ಷ ಚಿಕ್ಕಪ್ಪ ತೀರಿಕೊಂಡರು. ಆಮೇಲೆ ಚಿಕ್ಕಮ್ಮನಿಗೆ ನಿದ್ದೆ ಕೆಟ್ಟಿತು. ಮೊದಲಿನಿಂದಲೂ ಮಂಡಿ ನೋವು ಬೇರೆ. ಡಾಕ್ಟರು ಮಾತ್ರೆ ಬರೆದುಕೊಟ್ಟು, ‘ಮೈಂಡ್‌ಫುಲ್‌ನೆಸ್ ಟ್ರೈ ಮಾಡಿ ಅಮ್ಮ’ ಅಂದರಂತೆ. ನಾನು ಹತ್ತು ಹನ್ನೆರಡು ವರ್ಷದಿಂದ ಧ್ಯಾನಕ್ಕೆ ಕೂರುತ್ತೇನೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವತ್ತೇ ರಾತ್ರಿ ಫೋನ್ ಬಂತು. ‘ಏನೇ ಅದು? ಹೇಳಿಕೊಡೋರು ಯಾರು? ಅವರಿಗೆ ಯಾರ ಹತ್ರ ಪಾಠ?’

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಗಾಂಧಿನಗರದ ಮಹಾಬೋಧಿ ಸೊಸೈಟಿಯಲ್ಲಿ ಭಿಕ್ಷುಗಳ ಎದುರು ಕೂತು ಕಲಿತಿದ್ದೇನೆ. ತುಮಕೂರು ರಸ್ತೆಯಿಂದ ಒಳಗೆ ಹೋದರೆ ಸಿಗುವ ಆಲೂರಿನಲ್ಲಿ, ವಿಪಶ್ಯನ ಅನ್ನುವ ಬೌದ್ಧ ಧ್ಯಾನ ಕಲಿಸುವ ಕೇಂದ್ರದಲ್ಲಿ ಹತ್ತು ದಿನ ಮೌನವಾಗಿ ಇದ್ದು ಬಂದಿದ್ದೇನೆ. ಆಫೀಸಿನ ಮೀಟಿಂಗ್ ರೂಮಿನಲ್ಲಿ, ಊಟದ ಬಿಡುವಿನಲ್ಲಿ, ಕುರ್ಚಿ ಮೇಲೆ ಕೂತು ಕಣ್ಣು ಮುಚ್ಚಿದ್ದೇನೆ. ಮೂರೂ ಕಡೆ ‘ಉಸಿರನ್ನು ಗಮನಿಸಿ’ ಅಂತಲೇ ಹೇಳಿದರು. ಹೇಳಿದವರು ಮಾತ್ರ ಒಬ್ಬರಂತೆ ಒಬ್ಬರಿರಲಿಲ್ಲ. ಒಬ್ಬರು ಹದಿಹರೆಯದಲ್ಲೇ ಮನೆ ಬಿಟ್ಟ ಭಿಕ್ಷು, ಒಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ, ಇನ್ನೊಬ್ಬರು ಎಚ್‌ಆರ್ ಕೆಲಸದಿಂದ ಬಂದ ತರಬೇತುದಾರ.

ಹಾಡುವವರನ್ನು ಕೇಳುವ ಪ್ರಶ್ನೆಯನ್ನು ಧ್ಯಾನ ಹೇಳಿಕೊಡುವವರನ್ನು ನಾವು ಕೇಳುವುದೇ ಇಲ್ಲ, ಅಲ್ವಾ? ಕಾವಿ ಕಂಡರೆ ಕೈಮುಗಿಯುತ್ತೇವೆ. ಸರ್ಟಿಫಿಕೇಟ್ ಕಂಡರೆ ಫೀಸು ಕಟ್ಟುತ್ತೇವೆ. ಕೇಳಲೇಬೇಕು ಅಂತ ನನಗೀಗ ಅನ್ನಿಸುತ್ತದೆ. ಯಾಕೆ ಅಂತ ಚಿಕ್ಕಮ್ಮನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಹಾಲಿನ ಮೇಲಿನ ಗ್ಯಾನ

ಮೊದಲು ಪದ. ಹಳೆಯ ಬೌದ್ಧ ಗ್ರಂಥಗಳಿರುವ ಪಾಲಿ ಭಾಷೆಯ ‘ಸತಿ’ಗೆ ಇಂಗ್ಲಿಷಿನಲ್ಲಿ ಕೊಟ್ಟ ಹೆಸರು ಮೈಂಡ್‌ಫುಲ್‌ನೆಸ್. ನಮ್ಮ ಸತಿ-ಪತಿಯ ಸತಿ ಅಲ್ಲ ಇದು. ಸಂಸ್ಕೃತದ ‘ಸ್ಮೃತಿ’ ಪಾಲಿಯಲ್ಲಿ ‘ಸತಿ’ ಆಗುತ್ತದೆ. ಮೂಲದಲ್ಲಿ ನೆನಪು ಅಂತ ಅರ್ಥ. ಆದರೆ ಹಳೆಯದನ್ನು ನೆನೆಸಿಕೊಂಡು ಕೂರುವುದಲ್ಲ. ಈಗ ಏನು ಮಾಡ್ತಾ ಇದ್ದೇನೆ ಅನ್ನುವುದನ್ನು ಮರೆಯದೆ ಇರುವುದು. ಒಲೆ ಮೇಲೆ ಹಾಲಿಟ್ಟು ಹೊರಗೆ ಹೋಗುವಾಗ ಅಮ್ಮ ‘ಹಾಲಿನ ಕಡೆ ಗ್ಯಾನ ಇರಲಿ’ ಅಂತಾರಲ್ಲ, ಆ ಗ್ಯಾನ.

ಈ ಇಂಗ್ಲಿಷ್ ಪದವನ್ನು 1881ರಲ್ಲಿ ಬಳಕೆಗೆ ತಂದವರು ಟಿ. ಡಬ್ಲ್ಯು. ರೀಸ್ ಡೇವಿಡ್ಸ್. ಅವರು ಸನ್ಯಾಸಿಯಲ್ಲ. ಧ್ಯಾನದ ಗುರುವೂ ಅಲ್ಲ. ಸಿಲೋನಿನಲ್ಲಿ (ಈಗಿನ ಶ್ರೀಲಂಕಾ) ಬ್ರಿಟಿಷ್ ಸರ್ಕಾರದ ಅಧಿಕಾರಿಯಾಗಿದ್ದಾಗ ಅಲ್ಲಿನ ಭಿಕ್ಷುವೊಬ್ಬರ ಹತ್ತಿರ ಪಾಲಿ ಕಲಿತವರು. ಇವತ್ತು ಇಡೀ ಜಗತ್ತು ಬಳಸುವ ಪದ ಒಬ್ಬ ಸರ್ಕಾರಿ ನೌಕರನ ಅನುವಾದದಿಂದ ಬಂತು. ಈ ಕಥೆಯಲ್ಲಿ ಸರ್ಕಾರಿ ನೌಕರರು ಮುಂದೆಯೂ ಸಿಗುತ್ತಾರೆ.

ಭತ್ತದ ಗದ್ದೆಯಿಂದ ಎ.ಜಿ. ಆಫೀಸಿಗೆ

ಚಿಕ್ಕಪ್ಪ ವಿಧಾನಸೌಧದ ಹತ್ತಿರದ ಎ.ಜಿ. ಆಫೀಸಿನಲ್ಲಿ, ಅಂದರೆ ಸರ್ಕಾರದ ಲೆಕ್ಕಪತ್ರ ನೋಡುವ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ, ಕೆಲಸ ಮಾಡಿ ನಿವೃತ್ತರಾದವರು. ಹಾಗಾಗಿ ಈ ಭಾಗ ಹೇಳುವಾಗ ಚಿಕ್ಕಮ್ಮ ನಡುನಡುವೆ ‘ಹೌದೇನೇ?’ ಅಂತ ಕೇಳುತ್ತಲೇ ಇದ್ದರು.

ಸಾಮಾನ್ಯ ಸಂಸಾರಸ್ಥರಿಗೆ ಧ್ಯಾನ ದೊಡ್ಡ ಪ್ರಮಾಣದಲ್ಲಿ ತಲುಪಿದ್ದು ಬರ್ಮಾದಲ್ಲಿ (ಈಗಿನ ಮ್ಯಾನ್ಮಾರ್). ಅದಕ್ಕೆ ಒಂದು ಕಾರಣ ರಾಜಕೀಯ. 1885ರಲ್ಲಿ ಬ್ರಿಟಿಷರು ಅಲ್ಲಿನ ರಾಜಧಾನಿ ಮಂಡಾಲೆಯನ್ನು ಹಿಡಿದರು. ರಾಜ ತೀಬಾನನ್ನು ನಮ್ಮ ಪಕ್ಕದ ರತ್ನಗಿರಿಗೆ ತಂದು ಇಟ್ಟರು. ಬರ್ಮಾದ ಬೌದ್ಧ ಸಂಘಕ್ಕೆ, ಅಂದರೆ ಭಿಕ್ಷುಗಳ ಸಮುದಾಯಕ್ಕೆ, ರಾಜನೇ ಆಸರೆ. ಆಸರೆ ಹೋಯಿತು. ಇನ್ನು ಧರ್ಮ ಉಳಿಯುವುದು ಹೇಗೆ ಅನ್ನುವ ಚಿಂತೆ ಭಿಕ್ಷುಗಳಿಗೆ ಹತ್ತಿತು. ಆ ಕಾಲದ ದೊಡ್ಡ ಪಂಡಿತ ಭಿಕ್ಷು ಲೆಡಿ ಸಯಡಾವ್ (ಸಯಡಾವ್ ಅಂದರೆ ಹಿರಿಯ ಭಿಕ್ಷು) ಒಂದು ದಾರಿ ಕಂಡುಕೊಂಡರು. ವಿಹಾರದ ಒಳಗಿದ್ದ ಶಾಸ್ತ್ರ ಮತ್ತು ಧ್ಯಾನವನ್ನು ಊರಿನ ಜನಕ್ಕೇ ಹೇಳಿಕೊಡುವುದು. ರಾಜ ಕಾಯದಿದ್ದರೆ ಜನ ಕಾಯಲಿ ಅಂತ. ಅವರು ಊರೂರು ತಿರುಗಿದರು. ಸುಲಭ ಬರ್ಮೀ ಭಾಷೆಯಲ್ಲಿ ಬರೆದರು.

ಅವರ ಶಿಷ್ಯರಲ್ಲಿ ಒಬ್ಬರು ರಂಗೂನಿನ ಹೊಳೆಯಾಚೆಯ ಹಳ್ಳಿಯ ರೈತ. ಸಯಾ ತೆಟ್‌ಜೀ ಅಂತ ಹೆಸರಾಯಿತು. ಶಾಲೆ ಕಲಿತದ್ದು ಕಡಿಮೆ. ಅಕ್ಕಿ ಗಿರಣಿಯಲ್ಲಿ ದುಡಿದಿದ್ದರು, ಗದ್ದೆ ಮಾಡುತ್ತಿದ್ದರು. 1903ರ ಸುಮಾರಿಗೆ ಕಾಲರಾ ಬಂದು ಮಕ್ಕಳನ್ನು ಕಳೆದುಕೊಂಡರು. ಆ ದುಃಖ ತಡೆಯಲಾರದೆ, ಸಾವಿಲ್ಲದ್ದು ಏನಾದರೂ ಇದೆಯಾ ಅಂತ ಹುಡುಕಿಕೊಂಡು ಮನೆಯಿಂದ ಹೊರಟರು. ವರ್ಷಗಳ ಅಭ್ಯಾಸದ ನಂತರ ಲೆಡಿ ಸಯಡಾವ್ ಅವರಿಗೆ ಪಾಠ ಹೇಳುವ ಅಧಿಕಾರ ಕೊಟ್ಟರು. ಭಿಕ್ಷುಗಳಿಗೂ ಇವರು ಕಲಿಸಬಹುದು ಅಂದರು. ಚೀವರ (ಭಿಕ್ಷುಗಳ ಬಟ್ಟೆ) ಉಟ್ಟವರು ಒಬ್ಬ ರೈತನ ಮುಂದೆ ಕೂತು ಕಲಿಯುವುದು ಅಂದರೆ ಆ ಸಮಾಜದಲ್ಲಿ ಸಣ್ಣ ಮಾತಲ್ಲ. ನಮ್ಮಲ್ಲಿ ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಅನುಭವ ಮಂಟಪದಲ್ಲಿ ಮಾತಾಡಿದ್ದನ್ನು ನೆನೆದರೆ ಇದರ ತೂಕ ಗೊತ್ತಾಗುತ್ತದೆ.

1937ರಲ್ಲಿ ಆ ರೈತನ ಹತ್ತಿರ ಪಾಠಕ್ಕೆ ಬಂದವರು ಊ ಬಾ ಖಿನ್. ಬಡತನದಿಂದ ಓದು ನಿಲ್ಲಿಸಿ ಗುಮಾಸ್ತರಾಗಿ ಕೆಲಸಕ್ಕೆ ಸೇರಿದವರು. 1948ರಲ್ಲಿ ಬರ್ಮಾ ಸ್ವತಂತ್ರವಾದಾಗ ಆ ದೇಶದ ಮೊದಲ ಅಕೌಂಟೆಂಟ್ ಜನರಲ್ ಆದರು. ತಮ್ಮ ಆಫೀಸಿನ ನೌಕರರಿಗೇ ಧ್ಯಾನ ಕಲಿಸಲು ಶುರು ಮಾಡಿದರು. 1952ರಲ್ಲಿ ರಂಗೂನಿನಲ್ಲಿ ಒಂದು ಕೇಂದ್ರ ಕಟ್ಟಿದರು. ಹಗಲು ಲೆಕ್ಕಪತ್ರ, ಬೆಳಿಗ್ಗೆ ಸಂಜೆ ಪಾಠ. ಹೆಂಡತಿ ಮಕ್ಕಳು, ಫೈಲು, ಸಹಿ ಎಲ್ಲದರ ಜೊತೆಗೇ ಇದು ನಡೆಯಿತು.

ಊ ಬಾ ಖಿನ್ ಅವರ ಹತ್ತಿರ 1955ರಲ್ಲಿ ಬಂದವರು ಎಸ್. ಎನ್. ಗೋಯೆಂಕಾ. ಮಂಡಾಲೆಯಲ್ಲಿ 1924ರಲ್ಲಿ ಹುಟ್ಟಿದ ಮಾರವಾಡಿ ವ್ಯಾಪಾರಿ. ಬರ್ಮಾದ ಹಿಂದೂ ಸಮಾಜದ ಮುಖಂಡ. ಅವರಿಗೆ ಭಯಂಕರ ಮೈಗ್ರೇನ್ ಇತ್ತು. ಮಾರ್ಫಿನ್ ಚುಚ್ಚಿಸಿಕೊಳ್ಳಬೇಕಾಗುತ್ತಿತ್ತು. ವಿದೇಶಗಳ ಡಾಕ್ಟರುಗಳಿಗೆ ತೋರಿಸಿದರೂ ಪ್ರಯೋಜನ ಆಗಲಿಲ್ಲ. ಬರೀ ತಲೆನೋವಿಗಾಗಿ ಬಂದಿದ್ದರೆ ಸೇರಿಸಿಕೊಳ್ಳಲ್ಲ ಅಂತ ಊ ಬಾ ಖಿನ್ ಮೊದಲು ವಾಪಸ್ ಕಳಿಸಿದರು. ಈ ವಿದ್ಯೆ ಇರುವುದು ಅದಕ್ಕಲ್ಲ ಅಂತ. ಆಮೇಲೆ ಸೇರಿದ ಗೋಯೆಂಕಾ ಹದಿನಾಲ್ಕು ವರ್ಷ ಕಲಿತರು. ತಾಯಿಗೆ ಹುಷಾರಿಲ್ಲ ಅಂತ 1969ರಲ್ಲಿ ಭಾರತಕ್ಕೆ ಬಂದು ಮುಂಬೈಯಲ್ಲಿ ಮೊದಲ ಶಿಬಿರ ನಡೆಸಿದರು. 1976ರಲ್ಲಿ ಇಗತ್‌ಪುರಿಯ ಕೇಂದ್ರ ಶುರುವಾಯಿತು. ನಮ್ಮ ಆಲೂರಿನ ಧಮ್ಮ ಪಫುಲ್ಲ ಅದೇ ಮರದ ಕೊಂಬೆ.

ಪಂಡಿತ ಭಿಕ್ಷು, ರೈತ, ಅಕೌಂಟೆಂಟ್ ಜನರಲ್, ವ್ಯಾಪಾರಿ. ನಾಲ್ಕು ತಲೆಮಾರು, ನಾಲ್ಕು ಬದುಕು. ಈ ಬದುಕುಗಳ ಗುರುತು ಪಾಠದ ಮೇಲೂ ಬಿದ್ದಿದೆ ಅಂತ ನನ್ನ ನಂಬಿಕೆ. ಆಲೂರಿನ ಶಿಬಿರದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಗಂಟೆ ಬಾರಿಸುತ್ತಾರೆ. ಅಲ್ಲಿಂದ ರಾತ್ರಿಯವರೆಗೆ ಪ್ರತಿ ಗಂಟೆಗೂ ಲೆಕ್ಕ ಇದೆ. ಮೊದಲ ಮೂರು ದಿನ ಆನಾಪಾನ, ಅಂದರೆ ಮೂಗಿನ ಹತ್ತಿರ ಉಸಿರನ್ನು ನೋಡುವುದು. ನಾಲ್ಕನೇ ದಿನದಿಂದ ತಲೆಯಿಂದ ಕಾಲಿನವರೆಗೆ ಮೈಯ ಒಂದೊಂದು ಭಾಗವನ್ನೂ ಗಮನಿಸುತ್ತಾ ಹೋಗುವುದು. ಪೂಜೆ, ಮಂತ್ರಜಪ ಇಲ್ಲ. ಸಾಲು ಬಿಡದೆ ಲೆಕ್ಕ ತಾಳೆ ನೋಡುವವರ ಶಿಸ್ತು ಅದರಲ್ಲಿದೆ.

ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. ಆ ಶಿಬಿರಗಳಲ್ಲಿ ಪಾಠ ಹೇಳುವುದು ಗೋಯೆಂಕಾ ಅವರ ಧ್ವನಿಮುದ್ರಣ. 2013ರಲ್ಲಿ ಅವರು ತೀರಿಕೊಂಡ ಮೇಲೂ ಅದು ಹಾಗೇ ನಡೆದುಕೊಂಡು ಬಂದಿದೆ. ಎದುರಿಗೆ ಕೂರುವವರು ಸಹಾಯಕ ಆಚಾರ್ಯರು. ಅವರಿಗೆ ಸಂಬಳವಿಲ್ಲ. ಅವರೂ ಸಂಸಾರಸ್ಥರೇ, ಬೇರೆ ಬೇರೆ ವೃತ್ತಿಯಿಂದ ಬಂದವರು. ನಿಮ್ಮ ಅನುಮಾನಗಳಿಗೆ ಮಧ್ಯಾಹ್ನ ಮತ್ತು ರಾತ್ರಿ ಉತ್ತರ ಕೊಡುತ್ತಾರೆ. ಹೊಸ ಪಾಠ ಸೇರಿಸುವ ಅಧಿಕಾರ ಅವರಿಗಿಲ್ಲ. ಹಾಗಾಗಿ ಆಲೂರಿನಲ್ಲಿ ಸಿಗುವ ಪಾಠವೇ ಬೇರೆ ದೇಶದ ಕೇಂದ್ರದಲ್ಲೂ ಸಿಗುತ್ತದೆ. ಕಲಬೆರಕೆ ಆಗುವುದಿಲ್ಲ. ಆದರೆ ನಿಮ್ಮ ಕಷ್ಟಕ್ಕೆ ತಕ್ಕಂತೆ ಪಾಠ ಬದಲಿಸಿಕೊಡಿ ಅಂತ ಕೇಳಿದರೆ ಅದು ಅಲ್ಲಿ ಆಗುವ ಕೆಲಸವಲ್ಲ. ಅರ್ಜಿಯಲ್ಲಿ ದೇಹದ, ಮನಸ್ಸಿನ ಕಾಯಿಲೆಗಳ ಬಗ್ಗೆ, ಮಾತ್ರೆಗಳ ಬಗ್ಗೆ ಕೇಳುತ್ತಾರೆ. ಅದನ್ನು ಮುಚ್ಚಿಡದೆ ಬರೆಯಿರಿ. ಸುಮ್ನೆ ಫಾರ್ಮಾಲಿಟಿ ಅಲ್ಲ ಅದು.

ಅಡುಗೆಮನೆಯ ಗುರು

ಚಿಕ್ಕಮ್ಮ ಇಲ್ಲಿ ತಡೆದು ಕೇಳಿದರು: ‘ಹೆಂಗಸರು ಯಾರೂ ಇಲ್ವೇನೇ?’

ಇದ್ದಾರೆ. ಆದರೆ ಅವರ ದಾರಿ ಹೆಚ್ಚಾಗಿ ವಿಹಾರದ ಹೊರಗೇ ಇತ್ತು. ಬರ್ಮಾ, ಶ್ರೀಲಂಕಾ, ಥಾಯ್ಲೆಂಡಿನಲ್ಲಿ ನಡೆದುಬಂದ ತೇರವಾದ ಅನ್ನುವ ಬೌದ್ಧ ಸಂಪ್ರದಾಯದಲ್ಲಿ ಭಿಕ್ಷುಣಿ ಸಂಘದ ಸರಪಳಿ ನೂರಾರು ವರ್ಷಗಳ ಹಿಂದೆಯೇ ಕಡಿದುಹೋಗಿತ್ತು. ಪೂರ್ಣ ದೀಕ್ಷೆ ಇಲ್ಲದ ಮೇಲೆ ಹೆಂಗಸರಿಗೆ ಗುರುವಿನ ಪೀಠವೂ ಸುಲಭವಾಗಿ ಸಿಗಲಿಲ್ಲ.

ಹಾಗಿದ್ದೂ ದೀಪಾ ಮಾ ಅಂಥವರು ಬಂದರು. ಅವರ ಹೆಸರು ನಾನೀ ಬಾಲಾ ಬರುವಾ. 1911ರಲ್ಲಿ ಈಗಿನ ಬಾಂಗ್ಲಾದೇಶದ ಚಿತ್ತಗಾಂಗ್ ಕಡೆ ಹುಟ್ಟಿದರು. 12ನೇ ವಯಸ್ಸಿಗೆ ಮದುವೆ. ಗಂಡ ರಂಗೂನಿನಲ್ಲಿ ಎಂಜಿನಿಯರ್. ಬಹಳ ವರ್ಷ ಮಕ್ಕಳಾಗಲಿಲ್ಲ. ಆದ ಮಕ್ಕಳಲ್ಲಿ ಇಬ್ಬರು ಉಳಿಯಲಿಲ್ಲ. ದೀಪಾ ಅನ್ನುವ ಒಬ್ಬ ಮಗಳು ಉಳಿದಳು. 1957ರಲ್ಲಿ ಗಂಡನೂ ಹೋದರು. ದುಃಖದಿಂದ ಹಾಸಿಗೆ ಹಿಡಿದಿದ್ದ ಅವರಿಗೆ ಧ್ಯಾನ ಮಾಡು ಅಂತ ಹೇಳಿದ್ದು ಒಬ್ಬ ಡಾಕ್ಟರು. ‘ನಿಮ್ಮ ಡಾಕ್ಟರು ಹೇಳಿದ ಹಾಗೇ’ ಅಂದೆ. ಚಿಕ್ಕಮ್ಮ ಮಾತಾಡಲಿಲ್ಲ.

ದೀಪಾ ಮಾ ಕಲಿತದ್ದು ಮಹಾಸಿ ಸಯಡಾವ್ ಅವರ ಕ್ರಮ. ಹೊಟ್ಟೆ ಏರಿಳಿಯುವುದನ್ನು, ನಡಿಗೆಯನ್ನು, ಮನಸ್ಸಿಗೆ ಬಂದುಹೋಗುವುದನ್ನು ಆಗಿಂದಾಗಲೇ ಗುರುತಿಸುವ ಕ್ರಮ ಅದು. ಕಲಿಸಿದವರಲ್ಲಿ ಮುಖ್ಯರು ಅನಾಗಾರಿಕ ಮುನೀಂದ್ರ, ಒಂದು ಕಾಲದಲ್ಲಿ ಬೋಧಗಯಾ ದೇವಸ್ಥಾನದ ಮೇಲ್ವಿಚಾರಕರಾಗಿದ್ದವರು. 1967ರಲ್ಲಿ ದೀಪಾ ಮಾ ಕಲ್ಕತ್ತಕ್ಕೆ ಬಂದರು. ಒಂದು ಸಣ್ಣ ಮನೆಯಲ್ಲಿ ಅಕ್ಕಪಕ್ಕದ ಗೃಹಿಣಿಯರಿಗೆ ಪಾಠ ಹೇಳಿದರು. ಮನೆಗೆಲಸ ಮುಗಿಸಿ ಧ್ಯಾನಕ್ಕೆ ಕೂರಬೇಕು ಅಂತ ಅವರು ಹೇಳಲಿಲ್ಲ. ಆ ಕೆಲಸದಲ್ಲೇ ಎಚ್ಚರ ಇರಲಿ ಅಂದರು. ಅಮೆರಿಕದ ಜೋಸೆಫ್ ಗೋಲ್ಡ್‌ಸ್ಟೀನ್, ಶ್ಯಾರನ್ ಸಾಲ್ಸ್‌ಬರ್ಗ್ ಅಂಥವರು ಆ ಮನೆಯ ಮೆಟ್ಟಿಲು ಹತ್ತಿ ಹೋಗಿ ಕಲಿತರು. ಅವರಿಬ್ಬರೂ ಜ್ಯಾಕ್ ಕಾರ್ನ್‌ಫೀಲ್ಡ್ ಜೊತೆ 1975ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಒಂದು ಸಂಸ್ಥೆ ಕಟ್ಟಿದರು. ಅಮೆರಿಕದಲ್ಲಿ ಈ ಪಾಠ ಬೇರೂರಲು ಅದು ದೊಡ್ಡ ಆಸರೆಯಾಯಿತು. ಎರಡು ಮಕ್ಕಳನ್ನು ಕಳೆದುಕೊಂಡ ತಾಯಿಗೆ ದುಃಖದ ಬಗ್ಗೆ ಗೊತ್ತಿರುವುದು ಯಾವ ಮಠದಲ್ಲೂ ಪಠ್ಯವಾಗಿ ಸಿಗುವುದಿಲ್ಲ. ನನಗೆ ಈ ಇಡೀ ಚರಿತ್ರೆಯಲ್ಲಿ ಹೆಚ್ಚು ಹತ್ತಿರದವರು ಇವರೇ.

ಚೀವರ ಉಟ್ಟವರು

ಹಾಗಂತ ಭಿಕ್ಷುಗಳ ಪಾಠಕ್ಕೆ ಬದಲಿ ಇದೆ ಅಂತ ನಾನು ಹೇಳುತ್ತಿಲ್ಲ. ಅವರ ತರಬೇತಿಯ ಉದ್ದ ನೋಡಿ. ತೇರವಾದದಲ್ಲಿ ಪೂರ್ಣ ದೀಕ್ಷೆಗೆ ಕನಿಷ್ಠ 20 ವರ್ಷ ಆಗಿರಬೇಕು. ಆಮೇಲೆ ಕನಿಷ್ಠ ಐದು ವರ್ಷ ಗುರುವಿನ ಆಶ್ರಯದಲ್ಲೇ ಇರಬೇಕು. ಬೇರೆಯವರಿಗೆ ದೀಕ್ಷೆ ಕೊಡಬೇಕಾದರೆ ಹತ್ತು ವರ್ಷ ಕಳೆದಿರಬೇಕು. ಪಾಲಿಸಬೇಕಾದ ನಿಯಮ 227.

ಆ ನಿಯಮಗಳಲ್ಲಿ ಒಂದನ್ನು ಎಲ್ಲರೂ ತಿಳಿದುಕೊಳ್ಳಬೇಕು. ಇಲ್ಲದ ಸಿದ್ಧಿಯನ್ನು ಇದೆ ಅಂತ ಬೇಕೆಂದೇ ಸುಳ್ಳು ಹೇಳಿಕೊಂಡ ಭಿಕ್ಷು ಅಲ್ಲಿಗೇ ಸಂಘದಿಂದ ಹೊರಗಾಗುತ್ತಾನೆ. ಕೊಲೆ, ಕಳ್ಳತನದ ಸಾಲಿನಲ್ಲೇ ಬರುವ ತಪ್ಪು ಅದು. ನಿಜವಾಗಿ ಇದ್ದರೂ ಗೃಹಸ್ಥರ ಮುಂದೆ ಹೇಳಿಕೊಳ್ಳುವ ಹಾಗಿಲ್ಲ. ‘ನನಗೆ ಜ್ಞಾನೋದಯ ಆಗಿದೆ, ಮೂರು ದಿನದಲ್ಲಿ ನಿಮಗೂ ಮಾಡಿಸುತ್ತೇನೆ’ ಅನ್ನುವ ವಿಡಿಯೊ ಕಂಡಾಗ ನನಗೆ ಈ ನಿಯಮ ನೆನಪಾಗುತ್ತದೆ. ಸರಿಯಾಗಿ ಪಾಠ ಆದ ಭಿಕ್ಷು ಆ ಮಾತು ಆಡುವುದಿಲ್ಲ.

ಬೆಂಗಳೂರಿಗೆ ಈ ಪಾಠ ತಂದವರಲ್ಲಿ ಮುಖ್ಯರು ಆಚಾರ್ಯ ಬುದ್ಧರಕ್ಖಿತ ಭಂತೇಜಿ. ಮಣಿಪುರದ ಇಂಫಾಲದಲ್ಲಿ 1922ರಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯಲ್ಲಿ ಇದ್ದರು. ಆಮೇಲೆ ಭಿಕ್ಷುವಾದರು. ರಂಗೂನಿನಲ್ಲಿ ನಡೆದ ಆರನೇ ಬೌದ್ಧ ಮಹಾಸಭೆಯ ಗ್ರಂಥ ಸಂಪಾದನೆಯಲ್ಲಿ ಕೆಲಸ ಮಾಡಿದರು. 1956ರಲ್ಲಿ ಗಾಂಧಿನಗರದ ಮಹಾಬೋಧಿ ಸೊಸೈಟಿ ಶುರು ಮಾಡಿದರು. ಮೆಜೆಸ್ಟಿಕ್ಕಿನ ಗದ್ದಲದಿಂದ ಸ್ವಲ್ಪ ದೂರ ಅಷ್ಟೇ, ಒಳಗೆ ಹೋದರೆ ಬೋಧಿವೃಕ್ಷದ ನೆರಳು. ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯದವರ ಚಿಕಿತ್ಸೆಗೆ ಅಂತ ಇರುವ ಮಹಾಬೋಧಿ ವಿಭಾಗದ ಹಿಂದೆಯೂ ಇವರೇ ಇದ್ದರು. ಅಲ್ಲಿ ಮೈತ್ರಿ ಧ್ಯಾನ ಕಲಿಯುವಾಗ ಈ ವಿಷಯ ಗೊತ್ತಿದ್ದರೆ ‘ಎಲ್ಲರೂ ಸುಖವಾಗಿರಲಿ’ ಅನ್ನುವ ಮಾತು ಬೇರೆ ರೀತಿ ಕೇಳಿಸುತ್ತದೆ.

ಟಿಬೆಟಿನವರ ಪಾಠ ಇನ್ನೊಂದು ಬಗೆ. ಬೈಲಕುಪ್ಪೆಯ ಸೇರಾ ಮಠದಲ್ಲಿ ಸಂಜೆ ಹೊತ್ತು ಹೋಗಿ ನೋಡಿ. ಒಬ್ಬರು ನಿಂತು ಕೈ ತಟ್ಟಿ ಪ್ರಶ್ನೆ ಹಾಕುತ್ತಾರೆ. ಕೂತವರು ಉತ್ತರ ಕೊಡುತ್ತಾರೆ. ಜಗಳ ಅಂತ ಅನ್ನಿಸಬಹುದು. ಅದು ತರ್ಕದ ಪಾಠ. ಆ ಓದಿನ ದೊಡ್ಡ ಪದವಿಯಾದ ಗೆಶೆಗೆ ಸುಮಾರು ಇಪ್ಪತ್ತು ವರ್ಷ ಹಿಡಿಯುತ್ತದೆ. ಬಹುಕಾಲ ಗಂಡಸರಿಗೆ ಮಾತ್ರ ಇದ್ದ ಆ ಪದವಿಯನ್ನು 2016ರಲ್ಲಿ 20 ಸನ್ಯಾಸಿನಿಯರು ಒಟ್ಟಿಗೆ ಪಡೆದರು. ಅದು ನಡೆದದ್ದು ನಮ್ಮ ಮುಂಡಗೋಡಿನಲ್ಲಿ. ಇಂಥ ಗುರುಗಳ ಹತ್ತಿರ ಹೋದರೆ ಬರೀ ಉಸಿರು ನೋಡಿಸಿ ಬಿಡುವುದಿಲ್ಲ. ‘ನಾನು’ ಅಂದರೆ ಯಾರು ಅಂತ ವಾದ ಮಾಡಿ ಯೋಚಿಸುವಂತೆ ಮಾಡುತ್ತಾರೆ.

ಇನ್ನೂ ಒಂದು ದಾರಿ ಇದೆ. ಬೆಂಗಳೂರಿನ ಎಷ್ಟೋ ಮನೆಗಳಿಗೆ ಬುದ್ಧ ಬಂದದ್ದು ಬಾಬಾಸಾಹೇಬರ ಮೂಲಕ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದರು. ಅವರ ಹಿಂದೆ ಲಕ್ಷಾಂತರ ಜನ ನಡೆದರು. ಆ ಪರಂಪರೆಯಲ್ಲಿ ಹೇಳಿಕೊಡುವವರು ವಾರವಿಡೀ ಮೇಷ್ಟ್ರು, ಗುಮಾಸ್ತ, ನರ್ಸ್. ಭಾನುವಾರ ವಿಹಾರದಲ್ಲಿ ತ್ರಿಶರಣ, ಪಂಚಶೀಲ ಹೇಳಿ ಸ್ವಲ್ಪ ಹೊತ್ತು ಧ್ಯಾನಕ್ಕೆ ಕೂರಿಸುತ್ತಾರೆ. ಅಲ್ಲಿ ಧ್ಯಾನ ಅಂದರೆ ಒತ್ತಡ ಇಳಿಸುವ ಉಪಾಯ ಅಲ್ಲ. ತಲೆ ಎತ್ತಿ ಬದುಕುವುದರ ಒಂದು ಭಾಗ. ಮೈಂಡ್‌ಫುಲ್‌ನೆಸ್ ಬಗ್ಗೆ ಮಾತಾಡುವಾಗ ಈ ಗುರುಗಳನ್ನು ಯಾರೂ ನೆನೆಯುವುದಿಲ್ಲ. ಅದು ನನಗೆ ತುಂಬ ಬೇಸರದ ವಿಷಯ.

ಆಸ್ಪತ್ರೆಯ ನೆಲಮಾಳಿಗೆ

ಡಾಕ್ಟರು ಹೇಳಿದ ಮೈಂಡ್‌ಫುಲ್‌ನೆಸ್ ಎಲ್ಲಿಂದ ಬಂತು? ಜಾನ್ ಕಬಾಟ್-ಝಿನ್ ಅನ್ನುವವರಿಂದ. 1971ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮಾಲಿಕ್ಯುಲರ್ ಬಯಾಲಜಿಯಲ್ಲಿ ಡಾಕ್ಟರೇಟ್ ಪಡೆದ ವಿಜ್ಞಾನಿ. ಕೊರಿಯಾದ ಝೆನ್ ಗುರು ಸುಂಗ್ ಸಾನ್ ಹತ್ತಿರ ಕಲಿತಿದ್ದರು, ಆಗಲೇ ಹೇಳಿದ ಮ್ಯಾಸಚೂಸೆಟ್ಸ್‌ನ ಕೇಂದ್ರದಲ್ಲೂ ಅಭ್ಯಾಸ ಮಾಡಿದ್ದರು. 1979ರಲ್ಲಿ ಅಲ್ಲಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಂಟು ವಾರದ ತರಗತಿ ಶುರು ಮಾಡಿದರು. ಬಂದವರು ಬೇರೆ ಯಾವ ಚಿಕಿತ್ಸೆಗೂ ಬಗ್ಗದ ನೋವಿನವರು. ಎಲ್ಲರಿಗೂ ಹತ್ತಿರವಾಗಲಿ ಅಂತ ಅವರು ಬೌದ್ಧ ಪದಗಳನ್ನು ಬೇಕೆಂದೇ ಬದಿಗಿಟ್ಟರು.

ಆ ತರಗತಿಯ ಮೊದಲ ಪಾಠ ಬಾಡಿ ಸ್ಕ್ಯಾನ್. ಮಲಗಿಕೊಂಡು ಅಥವಾ ಕೂತು, ಮೈಯ ಒಂದೊಂದು ಭಾಗಕ್ಕೂ ಗಮನ ಕೊಡುತ್ತಾ ಹೋಗುವುದು. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಅದರ ಬೇರು ಊ ಬಾ ಖಿನ್ ಪರಂಪರೆಯಲ್ಲೇ ಇದೆ. ರಂಗೂನಿನ ಹೊಳೆಯಾಚೆಯ ಗದ್ದೆಯ ಪಾಠ ಒಂದು ಕಡೆಯಿಂದ ಇಗತ್‌ಪುರಿ ಮೂಲಕ ಆಲೂರಿಗೆ ಬಂತು. ಇನ್ನೊಂದು ಕಡೆಯಿಂದ ಅಮೆರಿಕದ ಆಸ್ಪತ್ರೆ ಸುತ್ತಿ ನಮ್ಮ ಆಫೀಸುಗಳ ಮೀಟಿಂಗ್ ರೂಮಿಗೆ ಬಂತು. ಎರಡೂ ಕಡೆ ಕೂತವರಿಗೆ ತಾವು ದಾಯಾದಿಗಳು ಅಂತ ಗೊತ್ತಿಲ್ಲ.

ಆಮೇಲೆ ಮೂವರು ಮನಶ್ಶಾಸ್ತ್ರಜ್ಞರು, ಸೀಗಲ್, ವಿಲಿಯಮ್ಸ್ ಮತ್ತು ಟೀಸ್‌ಡೇಲ್, ಇದನ್ನು ಖಿನ್ನತೆ ಮರುಕಳಿಸದಂತೆ ತಡೆಯುವ ಚಿಕಿತ್ಸೆಯಾಗಿ ರೂಪಿಸಿದರು. 2004ರಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯಲ್ಲಿ, ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಬಿದ್ದವರಿಗೆ ಅದನ್ನು ಶಿಫಾರಸು ಮಾಡಿದರು. ನಮ್ಮ ನಿಮ್ಹಾನ್ಸ್‌ನಲ್ಲೂ ವಿಪಶ್ಯನ ಮಾಡುವವರ ನಿದ್ದೆಯ ಅಧ್ಯಯನ ನಡೆದಿದೆ. ವಯಸ್ಸಾದಂತೆ ಕಡಿಮೆಯಾಗುವ ಗಾಢ ನಿದ್ದೆ ಅವರಲ್ಲಿ ಹೆಚ್ಚು ಉಳಿದುಕೊಂಡಿದ್ದು ಕಂಡುಬಂತು. ಆದರೆ ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಒಂದು ವಾರಕ್ಕೆ ಆಗುವುದಲ್ಲ ಅಂತ ಚಿಕ್ಕಮ್ಮನಿಗೆ ಒತ್ತಿ ಹೇಳಿದೆ. ‘ಸರಳೆ ವರಸೆಗೇ ಒಂದು ವರ್ಷ ಬೇಕು, ನನಗೆ ಗೊತ್ತಿಲ್ವೇನೇ’ ಅಂದರು.

ಯಾಕೆ ಕೇಳಬೇಕು

ಐದಾರು ವರ್ಷದ ಹಿಂದೆ ನಾನಿದ್ದ ಆಫೀಸಿನಲ್ಲಿ ಮೂರು ದಿನದ ಮೈಂಡ್‌ಫುಲ್‌ನೆಸ್ ಕಾರ್ಯಕ್ರಮ ಇಟ್ಟಿದ್ದರು. ನನ್ನ ಪಕ್ಕ ಕೂತ ಗೆಳತಿ ಕೆಲವೇ ವಾರದ ಹಿಂದೆ ತಂದೆಯನ್ನು ಐಸಿಯುನಲ್ಲಿ ಕಳೆದುಕೊಂಡಿದ್ದಳು. ಕೊನೆಯ ದಿನಗಳಲ್ಲಿ ಅವರು ಉಸಿರಿಗೆ ಒದ್ದಾಡಿದ್ದನ್ನು ಕಣ್ಣಾರೆ ನೋಡಿದ್ದಳು. ‘ಉಸಿರನ್ನೇ ನೋಡಿ’ ಅಂದಾಗ ಅವಳ ಕೈ ನಡುಗತೊಡಗಿತು. ಎದೆ ಹಿಡಿದ ಹಾಗಾಯಿತು. ಹೇಳಿಕೊಡುತ್ತಿದ್ದವರು ಒಳ್ಳೆಯ ಮನುಷ್ಯರೇ. ಆದರೆ ಅವರಿಗಿದ್ದ ಉತ್ತರ ಒಂದೇ: ‘ಬಿಡಬೇಡಿ, ಉಸಿರಿಗೇ ವಾಪಸ್ ಬನ್ನಿ.’ ಅವಳು ಅಳುತ್ತಾ ಎದ್ದು ಹೋದಳು. ಎರಡು ವಾರ ರಜೆ ಹಾಕಿದಳು.

ಆಮೇಲೆ ಅವಳು ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋದಳು. ಅವರೂ ಧ್ಯಾನ ಬಲ್ಲವರು. ‘ಕಣ್ಣು ತೆರೆದಿರಲಿ. ಉಸಿರು ಬಿಟ್ಟುಬಿಡಿ. ಪಾದ ನೆಲಕ್ಕೆ ತಾಗಿರೋದನ್ನು ನೋಡಿ, ಕಿಟಕಿಯಾಚೆ ಸದ್ದು ಕೇಳಿ’ ಅಂದರಂತೆ. ಅಷ್ಟೇ ಸಣ್ಣ ಬದಲಾವಣೆ. ಮೊದಲಿನವರಿಗೆ ಅದು ಗೊತ್ತಿರಲಿಲ್ಲ, ಯಾಕೆಂದರೆ ಅವರಿಗೆ ಆ ಪಾಠ ಆಗಿರಲಿಲ್ಲ.

ಇದು ಅವಳೊಬ್ಬಳ ಕಥೆಯೂ ಅಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಧ್ಯಾನಿಗಳ ಜೊತೆಗೆ ಗುರುಗಳನ್ನೂ ಮಾತಾಡಿಸಿದ್ದರು. ಧ್ಯಾನದಿಂದ ಭಯ, ನಿದ್ದೆಗೇಡು, ದೇಹವೇ ತನ್ನದಲ್ಲ ಅನ್ನಿಸುವಂಥ ಅನುಭವ ಆದವರಿದ್ದರು. ಹಾಗಂತ ಎಲ್ಲರಿಗೂ ಹೀಗಾಗುತ್ತೆ ಅಂತಲ್ಲ. ಆದರೆ ಆದಾಗ ಎದುರಿಗೆ ಕೂತವರಿಗೆ ಗುರುತು ಹಿಡಿಯೋಕೆ ಬರಬೇಕು. ಹಳೆಯ ಭಿಕ್ಷುವಿಗೆ ಅದು ಅನುಭವದಿಂದ ಗೊತ್ತಿರಬಹುದು. ಸೈಕಾಲಜಿಸ್ಟ್‌ಗೆ ಓದಿನಿಂದ, ರೋಗಿಗಳನ್ನು ನೋಡಿ ಗೊತ್ತಿರುತ್ತದೆ. ವಾರಾಂತ್ಯದ ಆನ್‌ಲೈನ್ ಕೋರ್ಸ್ ಮುಗಿಸಿ ಸೋಮವಾರ ಕಲಿಸಲು ಕೂತವರಿಗೆ ಗೊತ್ತಿರುವುದು ಕಷ್ಟ. ಧ್ಯಾನ ಕಲಿಸುವವರು ಅಂತ ಬೋರ್ಡು ಹಾಕಿಕೊಳ್ಳಲು ನಮ್ಮಲ್ಲಿ ಯಾವ ಪರವಾನಗಿಯೂ ಬೇಕಾಗಿಲ್ಲ. ಕೇಳುವ ಕೆಲಸ ನಮ್ಮದೇ.

ಯಾರ ಹತ್ತಿರ ಕಲಿತಿರಿ, ಎಷ್ಟು ವರ್ಷ, ಈಗಲೂ ಕಲಿಯುತ್ತಿದ್ದೀರಾ, ನಿಮಗೆ ಗೊತ್ತಾಗದಿದ್ದಾಗ ಯಾರನ್ನು ಕೇಳುತ್ತೀರಿ? ಇಷ್ಟು ಕೇಳಿದರೆ ಸಾಕು. ಕೇಳುವುದು ಅವಮಾನವೂ ಅಲ್ಲ. ಬೌದ್ಧ ಪರಂಪರೆಯಲ್ಲಿ ದಾರಿ ತೋರುವವರನ್ನು ಕಲ್ಯಾಣಮಿತ್ರ ಅನ್ನುತ್ತಾರೆ. ಒಳ್ಳೆಯದಕ್ಕೆ ಜೊತೆಯಾಗುವ ಗೆಳೆಯ ಅಂತ. ಕೊನೆಯ ದಿನಗಳಲ್ಲಿ ಬುದ್ಧ ತನ್ನ ಶಿಷ್ಯ ಆನಂದನಿಗೆ, ತಾನು ಮುಷ್ಟಿ ಮುಚ್ಚಿಟ್ಟುಕೊಂಡು ಕಲಿಸಿದ ಗುರುವಲ್ಲ ಅಂತ ಹೇಳಿದ್ದ. ಅಂಥವನ ಹೆಸರಲ್ಲಿ ಕಲಿಸುವವರು ಈ ಪ್ರಶ್ನೆಗೆ ಮುಖ ಗಂಟಿಕ್ಕಿದರೆ ಬೇರೆ ಕಡೆ ನೋಡುವುದು ಒಳ್ಳೆಯದು.

ಚಿಕ್ಕಮ್ಮನಿಗೆ ಹತ್ತು ದಿನದ ಶಿಬಿರ ಬೇಡ ಅಂದೆ. ಆ ಮಂಡಿ, ಆ ನಿದ್ದೆ, ಇನ್ನೂ ಹಸಿಯಾಗಿರುವ ದುಃಖ. ರಾಜಾಜಿನಗರದಲ್ಲಿ ನಿವೃತ್ತ ನರ್ಸ್ ಒಬ್ಬರು ಎಂಟು ವಾರದ ತರಗತಿ ನಡೆಸುತ್ತಾರೆ. ಕುರ್ಚಿ ಮೇಲೆ ಕೂರಬಹುದು, ಬೇಕಾದರೆ ಮಲಗಬಹುದು. ಚಿಕ್ಕಮ್ಮ ತಾವೇ ಫೋನ್ ಮಾಡಿ ನೇರವಾಗಿ ಕೇಳಿದರಂತೆ. ಆ ನರ್ಸ್ ಹತ್ತು ನಿಮಿಷ ಉತ್ತರ ಕೊಟ್ಟರಂತೆ. ಎಲ್ಲಿ ತರಬೇತಿ, ಯಾವ ಯಾವ ಶಿಬಿರ, ಈಗಲೂ ಯಾರ ಜೊತೆ ಮಾತಾಡುತ್ತಾರೆ, ಎಲ್ಲ. ಮಾತ್ರೆ ನಿಲ್ಲಿಸುವ ವಿಷಯ ಮಾತ್ರ ನನ್ನನ್ನು ಕೇಳಬೇಡಿ, ಡಾಕ್ಟರನ್ನೇ ಕೇಳಿ ಅಂತಲೂ ಹೇಳಿದರಂತೆ.

ನಾಲ್ಕನೇ ವಾರ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ನಿದ್ದೆ ಹೇಗಿದೆ ಅಂತ ಕೇಳಿದೆ. ‘ಒಂದಿನ ಬರುತ್ತೆ, ಒಂದಿನ ಇಲ್ಲ. ಆದರೆ ಎಚ್ಚರ ಆದಾಗ ಮೊದಲಿನ ಹಾಗೆ ಹೆದರಿಕೆ ಆಗಲ್ಲ ಕಣೇ’ ಅಂದರು. ಪಾಠದ ಕೋಣೆಯ ಗೋಡೆ ಮೇಲೆ ತ್ಯಾಗರಾಜರ ಪಟ, ಅದರ ಪಕ್ಕ ಅವರ ಗುರುಗಳ ಫೋಟೊ, ಗುರುಗಳ ಗುರುಗಳ ಫೋಟೊ. ಕೆಳಗೆ ತಂಬೂರಿ. ನಾನು ಹೊರಡುವಾಗ ಗೋಡೆಯಲ್ಲಿ ಖಾಲಿ ಇದ್ದ ಜಾಗ ತೋರಿಸಿ ಕೇಳಿದರು: ‘ಆ ಬರ್ಮಾದ ಎ.ಜಿ. ಆಫೀಸಿನವರದ್ದು ಒಂದು ಫೋಟೊ ಸಿಗುತ್ತಾ? ಪ್ರಿಂಟ್ ಹಾಕಿಸಿಕೊಂಡು ಬಾ.’